ಹಳದಿ ಜೀಪಿನ ಆಂಟೆನಾ

ಮಗಳನ್ನು ಗುಡ್ಡಕ್ಕೆ ಕೊಡುವುದು ಬೇಡ ಎಂದು ನಾನು ಮೊದಲೇ ಹೇಳಿದ್ದೆ. ನನ್ನ ಮಾತು ಯಾರು ಕೇಳಬೇಕು? ಹುಡುಗ ಗುಣವಂತ, ಕುರಿಮಂದೆ ಇದೆ, ಮನೆತನದ ಬಗ್ಗೆ ಒಂದು ಮಾತು ಅನ್ನುವ ಹಾಗಿಲ್ಲ ಎಂದು ನಮ್ಮ ಯಜಮಾನರು ಹಾಡಿ ಹೊಗಳಿ ಮದುವೆ ಮಾಡಿಯೇಬಿಟ್ಟರು. ಹುಡುಗ ಕೆಟ್ಟವನು ಎಂದು ನಾನೆಲ್ಲಿ ಅಂದೆ? ಊರಿನ ಹುಡುಗನಾದರೆ ಇವತ್ತು ಇದ್ದ ಕಡೆ ನಾಳೆಯೂ ಇರುತ್ತಾನೆ ಎಂದೆ, ಅಷ್ಟೇ. ನಮ್ಮ ಸೀಮೆಯಲ್ಲಿ ನಿಂತ ಕಡೆ ನಿಲ್ಲುವುದು ಈ ಊರೊಂದೇ. ಸುತ್ತಲಿನ ಗುಡ್ಡಗಳೆಲ್ಲ ನಡೆಯುತ್ತವೆ. ನನ್ನ ಮಗಳು ಹೊನ್ನಿ ಮದುವೆಯಾಗಿ ಹೋದ ಕುರಿಗುಡ್ಡ ಯುಗಾದಿಯಲ್ಲಿ ನಮ್ಮ ಹಿತ್ತಿಲ ಬೇಲಿಯ ಆಚೆಗೇ ಇತ್ತು. ನಾನು ಒಗ್ಗರಣೆ ಹಾಕಿದರೆ ಅವಳ ಅಡುಗೆಮನೆಗೆ ಘಾಟು ಹೋಗುತ್ತಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಅದು ಬಡಗಲಾಗಿ ಹೊರಟು ಉಳಿದ ಗುಡ್ಡಗಳ ಹಿಂದೆ ಮರೆಯಾಗಿತ್ತು.

ಇದಕ್ಕೆಲ್ಲ ನಾವು ಒಗ್ಗಿಹೋಗಿದ್ದೇವೆ. ಅಂಚೆಯವನು ಬೆಳಿಗ್ಗೆ ಟೀ ಅಂಗಡಿಯಲ್ಲಿ ಯಾವ ಗುಡ್ಡ ಎಲ್ಲಿದೆ ಎಂದು ವಿಚಾರಿಸಿಕೊಂಡೇ ಸೈಕಲ್ ಹತ್ತುತ್ತಾನೆ. ಗುಡ್ಡದ ಮನೆಗಳಲ್ಲಿ ಹಾಲಿನ ಪಾತ್ರೆಯನ್ನು ಒಲೆಗೆ ತಂತಿಯಲ್ಲಿ ಕಟ್ಟಿ ಕಾಯಿಸುತ್ತಾರೆ. ಊರಿನಲ್ಲಿ ನಾವು ಕಣ್ಣಿಗೆ ಬಿದ್ದದ್ದಕ್ಕೆಲ್ಲ ಹಳದಿ ಬಳಿಯುತ್ತೇವೆ, ಏಕೆಂದರೆ ಹಳದಿಯ ಮೇಲೆ ಗುಡ್ಡ ಕಾಲಿಡುವುದಿಲ್ಲ. ಮನೆ, ಬಾವಿಕಟ್ಟೆ, ಎತ್ತಿನ ಕೊಂಬು, ಸೈಕಲ್ಲು, ಜೀಪು, ಎಲ್ಲವೂ ಹಳದಿ. ವರ್ಷಕ್ಕೊಂದು ಸಲ ಹಳೆಯದರ ಮೇಲೆಯೇ ಹೊಸದೊಂದು ಪದರ. ಕೆರೆಯುವ ಪದ್ಧತಿ ನಮ್ಮಲ್ಲಿಲ್ಲ. ಬಳಿದದ್ದನ್ನು ಕೆರೆದರೆ ಗುಡ್ಡವನ್ನು ಕೈಬೀಸಿ ಕರೆದಂತೆ ಎಂದು ಎಲ್ಲರ ನಂಬಿಕೆ. ಹಾಗಾಗಿ ನಮ್ಮ ಬಾಗಿಲುಗಳು ಬಣ್ಣ ತಿಂದು ತಿಂದು ದಪ್ಪಗಾಗಿವೆ, ಚೌಕಟ್ಟಿಗೆ ಸೇರಬೇಕಾದರೆ ಭುಜ ಕೊಟ್ಟು ನೂಕಬೇಕು.

ನಾನು ಸಾಕಮ್ಮ. ಜೀಪು ಓಡಿಸುವುದು ನನ್ನ ಕೆಲಸ. ಜೀಪು ನಮ್ಮ ಮಾವನವರ ಕಾಲದ್ದು. ಯಜಮಾನರಿಗೆ ಜೀಪು ಹತ್ತಿದರೆ ಹೊಟ್ಟೆ ತೊಳಸುತ್ತದೆ, ಅದಕ್ಕೆ ಅವರು ಹಿಟ್ಟಿನ ಗಿರಣಿ ನೋಡಿಕೊಳ್ಳುತ್ತಾರೆ, ನಾನು ಜನರನ್ನೂ ಸಾಮಾನನ್ನೂ ಗುಡ್ಡಗಳಿಗೆ ಮುಟ್ಟಿಸಿ ಬರುತ್ತೇನೆ. ಹತ್ತಿರದ ಗುಡ್ಡಗಳಾದರೆ ನನಗೆ ಲೆಕ್ಕಕ್ಕಿಲ್ಲ. ಹಳ್ಳ, ಬಂಡೆ, ಕುರುಚಲು ಕಾಡು ಯಾವುದೂ ನನ್ನ ಜೀಪನ್ನು ನಿಲ್ಲಿಸಿಲ್ಲ. ತೊಂದರೆ ಇರುವುದು ದೂರದ ಗುಡ್ಡಗಳಲ್ಲಿ. ಅಲ್ಲಿಗೆ ಹೋಗಬೇಕಾದರೆ ನಡುವಿನ ಗುಡ್ಡಗಳ ಸಂದಿಯಲ್ಲಿ ನುಸುಳಬೇಕು, ಸಂದಿ ಯಾವಾಗ ಮುಚ್ಚುತ್ತದೋ ಕೆಳಗಿದ್ದವರಿಗೆ ಕಾಣುವುದಿಲ್ಲ. ಒಮ್ಮೆ ಒಂದು ಮದುವೆ ದಿಬ್ಬಣದ ಜತೆ ನಾನು ಎರಡು ಗುಡ್ಡಗಳ ನಡುವೆ ಸಿಕ್ಕಿಬಿದ್ದು, ಅವು ಸರಿಯುವವರೆಗೂ ಹೆಣ್ಣಿನ ಮನೆಗೆಂದು ಒಯ್ಯುತ್ತಿದ್ದ ಲಾಡುವನ್ನೇ ಎಲ್ಲರೂ ತಿಂದುಕೊಂಡು ಕೂತಿದ್ದೆವು. ಆ ಕತೆಯನ್ನು ಈ ಸೀಮೆಯಲ್ಲಿ ಹೇಳದವರಿಲ್ಲ.

ಬಸುರಿ ಹೊನ್ನಿಗೆ ಎಂಟು ತಿಂಗಳು ತುಂಬಿ ಒಂಬತ್ತಕ್ಕೆ ಬಿದ್ದಾಗ ನಾನು ಜಲಾಲಣ್ಣನ ಅಂಗಡಿಗೆ ಹೋದೆ. ಜಲಾಲಣ್ಣನದು ಮೈಕ್ ಸೆಟ್ ಅಂಗಡಿ. ಎಲ್ಲಿಂದಲೋ ಹಳೆಯ ವೈರ್‌ಲೆಸ್ ಸೆಟ್ಟುಗಳನ್ನು ತಂದು ರಿಪೇರಿ ಮಾಡಿ, ಒಂದೊಂದು ಗುಡ್ಡ ಹತ್ತಿರ ಬಂದಾಗಲೂ ಅಲ್ಲೊಂದು ಕಂಬ ನೆಟ್ಟು ಸೆಟ್ಟು ಕೂಡಿಸಿದ್ದ. ಅಂಗಡಿಯ ಮಾಡಿನ ಮೇಲೂ ಒಂದು ದೊಡ್ಡ ಕಂಬ ಇತ್ತು. ಅಲ್ಲಿಂದ ಗುಡ್ಡದವರ ಜತೆ ಮಾತಾಡಬಹುದಿತ್ತು. ಗುಂಡಿ ಒತ್ತಿದರೆ ನಮ್ಮ ಮಾತು ಅವರಿಗೆ, ಬಿಟ್ಟರೆ ಅವರ ಮಾತು ನಮಗೆ. ನಮ್ಮ ಬೀಗಿತ್ತಿ ದೇವೀರಮ್ಮನವರಿಗೆ ಒತ್ತುವುದು ಮಾತ್ರ ಗೊತ್ತು, ಬಿಡುವುದು ಗೊತ್ತಿಲ್ಲ.

"ಸಾಕಮ್ಮನೋರೆ, ನಮ್ ಗುಡ್ಡ ಇನ್ನೂ ಬಡಗಲಾಗೇ ಹೋಗ್ತಾ ಇದೆ," ಎಂದು ಅವರು ಶುರು ಮಾಡಿದರು. "ಇನ್ನು ಊರ್ ಕಡೆ ತಿರುಗೋದು ಶಿವರಾತ್ರಿ ಕಳೆದ್ ಮೇಲೇನೆ. ಹೆರಿಗೆ ಇಲ್ಲೇ ಆಗ್ಲಿ ಬಿಡಿ. ನಾನಿದೀನಲ್ಲ. ನಮ್ ಬೊಮ್ಮಣ್ಣ ಹುಟ್ಟಿದ್ದೂ ಇಲ್ಲೇ, ಗುಡ್ಡ ನಡೀತಾ ಇರೋವಾಗ್ಲೇ. ಏನಾಯ್ತು ಅವ್ನಿಗೆ? ಕಲ್ಲುಗುಂಡಾಗಿದಾನೆ."

ಬೊಮ್ಮಣ್ಣ ಎಂದರೆ ನನ್ನ ಅಳಿಯ. ಅವರು ಉಸಿರು ತೆಗೆದುಕೊಳ್ಳುವಾಗ ಗುಂಡಿ ಬಿಟ್ಟಿತೇನೋ, ನಾನು ತಕ್ಷಣ ಒತ್ತಿದೆ.

"ಚೊಚ್ಚಲ ಬಾಣಂತನ ತವರಲ್ಲೇ ಆಗ್ಬೇಕು ಬೀಗ್ತಮ್ಮ. ನಾನು ಬಂದು ಕರ್ಕೊಂಡ್ ಹೋಗ್ತೀನಿ."

"ಬನ್ನಿ, ಯಾರ್ ಬೇಡ ಅಂದ್ರು? ಇಲ್ಲಿಗೆ ದಾರಿ ಎಲ್ಲಿದೆ ಅಂತ ನಿಮಗೆ ಯಾರ್ ಹೇಳ್ತಾರೆ? ಈ ಸಲ ಯಾರ್ ಮನೆ ಲಾಡು ತಿಂತೀರಿ?"

ನನಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಮೈಕು ಹೊನ್ನಿಯ ಕೈಗೆ ಹೋಯಿತು. "ಅಮ್ಮ," ಎಂದಳು, ದನಿ ಸಣ್ಣಗಿತ್ತು. "ಸೂಲಗಿತ್ತಿ ಮಾದಕ್ಕ ಪಕ್ಕದ್ ಗುಡ್ಡಕ್ಕೆ ಹೋಗಿದ್ಲು, ಆ ಗುಡ್ಡ ತೆಂಕಲಾಗಿ ಹೊರಟ್ಬಿಡ್ತು. ಈಗ ಇಲ್ಲಿ ಯಾರೂ ಇಲ್ಲ. ಮಲಗಿದ್ರೆ ಮಂಚ ಗೋಡೆ ಕಡೆ ಜಾರತ್ತೆ. ನಂಗೆ ಹೆದ್ರಿಕೆ ಆಗತ್ತಮ್ಮ. ಬಾ." ಆಮೇಲೆ ಬರೀ ಗೊರಗೊರ ಸದ್ದು. ನಾನು ಅಂಗಡಿಯ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ಜಲಾಲಣ್ಣ ನೀರು ತಂದುಕೊಟ್ಟು, "ಅಕ್ಕ, ನಿಮ್ ಜೀಪಿಗೇ ಒಂದು ಸೆಟ್ ಹಾಕಣ," ಎಂದ. "ಗುಡ್ಡದ್ ಮೇಲಿಂದ ಸಂದಿ ಎಲ್ಲಾ ಕಾಣತ್ತೆ. ಅವ್ರು ಹೇಳ್ತಾ ಹೋಗ್ಲಿ, ನೀವು ತಿರುಗಿಸ್ತಾ ಹೋಗಿ." ಅಲ್ಲಿಯವರೆಗೂ ಯಾರೂ ಗಾಡಿಗೆ ವೈರ್‌ಲೆಸ್ ಹಾಕಿರಲಿಲ್ಲ. ನಾನು ಕಣ್ಣು ಒರೆಸಿಕೊಂಡು ಜೀಪನ್ನು ಅಂಗಡಿಯ ಮುಂದಕ್ಕೆ ತಂದು ನಿಲ್ಲಿಸಿದೆ.

ಸೆಟ್ಟು ಕೂಡಿಸುವುದು ಕಷ್ಟವಾಗಲಿಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ ಜಾಗವಿತ್ತು. ತಲೆನೋವಾದದ್ದು ಆಂಟೆನಾ. ಜಲಾಲಣ್ಣನ ಹತ್ತಿರ ಮೂರು ಬಗೆಯವು ಇದ್ದವು. ಒಂದು ಉಕ್ಕಿನ ಉದ್ದ ಕಡ್ಡಿ, ನನ್ನಂಥವರು ಇಬ್ಬರು ಒಬ್ಬರ ಮೇಲೊಬ್ಬರು ನಿಂತರೂ ತುದಿ ಸಿಗದಷ್ಟು ಉದ್ದ. ಇನ್ನೊಂದು ಅದರ ಅರ್ಧದಷ್ಟು, ಬುಡದಲ್ಲಿ ಸ್ಪ್ರಿಂಗು. ಮೂರನೆಯದು ಗಿಡ್ಡನೆಯದು, ಕೆಳಗೆ ದಪ್ಪ ಅಯಸ್ಕಾಂತ, ಎಲ್ಲಿ ಬೇಕಾದರೂ ಇಟ್ಟರೆ ಕಚ್ಚಿಕೊಳ್ಳುತ್ತದೆ ಎಂದ. ನಾನು ಎರಡನೇ ಮಾತಿಲ್ಲದೆ ಉದ್ದದ್ದನ್ನೇ ಆರಿಸಿದೆ. ಉದ್ದ ಇದ್ದಷ್ಟೂ ದೂರ ಕೇಳುತ್ತದೆ ಎಂದು ನನ್ನ ಲೆಕ್ಕ. ದೇವೀರಮ್ಮನವರಿಗೆ ಗುಡ್ಡದ ಮೇಲಿಂದಲೇ ಅದರ ತುದಿ ಕಾಣಬೇಕು ಎಂಬ ಹಟವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಹಿಂದಿನ ಬಂಪರಿಗೆ ಕ್ಲಾಂಪು ಹಾಕಿ ಅದನ್ನು ಬಿಗಿದೆವು. ಅಂಗಡಿಯ ಮುಂದೆಯೇ ನಿಂತು ಮಾತಾಡಿದರೆ ಜಲಾಲಣ್ಣನ ದನಿ ಗಂಟೆ ಹೊಡೆದ ಹಾಗೆ ಕೇಳಿತು. ನಾನು ಬುತ್ತಿ ಕಟ್ಟಿಕೊಂಡು ಹೊರಟೆ. ಬೀದಿಯ ಹುಣಸೆಮರ ದಾಟುವಾಗಲೇ ಕಡ್ಡಿ ಕೊಂಬೆಗೆ ಸಿಕ್ಕಿ ಬಾಗಿ, ಬಿಟ್ಟುಕೊಂಡು ಹಿಂದಕ್ಕೆ ಚಿಮ್ಮಿ, ಬಡಿದದ್ದು ಟೀ ಅಂಗಡಿಯ ಬೋರ್ಡಿಗೆ. ಇಟ್ಟಿಗೆ ಭಟ್ಟಿ ದಾಟುವಷ್ಟರಲ್ಲಿ ಸೆಟ್ಟಿನಲ್ಲಿ ಗೊರಗೊರ ಬಿಟ್ಟು ಬೇರೇನೂ ಇರಲಿಲ್ಲ. ಬುದ್ಧಿ ಇದ್ದವರು ವಾಪಸ್ ಬರುತ್ತಿದ್ದರು. ನಾನು ಸಿಟ್ಟಿನಲ್ಲಿ ಗುಡ್ಡಗಳ ನಡುವೆ ನುಗ್ಗಿದೆ. ಎಡಕ್ಕೆ ಹೋದರೆ ಸಂದಿ ಮುಚ್ಚಿತ್ತು, ಬಲಕ್ಕೆ ಹೋದರೆ ದೂಳು, ಹಿಂದೆ ತಿರುಗಿ ನೋಡಿದರೆ ಬಂದ ದಾರಿಯಲ್ಲೇ ಒಂದು ಗುಡ್ಡ ಬಂದು ಕೂತಿತ್ತು. ಸುತ್ತಿ ಸುತ್ತಿ ಸಂಜೆಗೆ ಹೊರಬಿದ್ದು ನೋಡುತ್ತೇನೆ, ಎದುರಿಗೆ ಅದೇ ಇಟ್ಟಿಗೆ ಭಟ್ಟಿ. ಭಟ್ಟಿಯವರು ಏನೂ ಕೇಳದೆ ನನಗೆ ಟೀ ಕೊಟ್ಟರು. ಕೇಳಿದ್ದರೆ ಅಷ್ಟು ಅವಮಾನ ಆಗುತ್ತಿರಲಿಲ್ಲ.

ಮಾರನೆಯ ದಿನ ಜಲಾಲಣ್ಣ ಒಂದು ಪುಟ್ಟ ಮೀಟರು ತಂದು ಸೆಟ್ಟಿಗೂ ಆಂಟೆನಾಗೂ ನಡುವೆ ಸೇರಿಸಿದ. ಗುಂಡಿ ಒತ್ತಿದರೆ ಮುಳ್ಳು ನೆಗೆದು ಕೆಂಪಿನ ಕೊನೆಗೆ ಹೋಗಿ ನಿಂತಿತು.

"ನೋಡಿ ಅಕ್ಕ, ನಿಮ್ ಮಾತು ಕಡ್ಡಿವರೆಗೂ ಹೋಗಿ ಅಲ್ಲಿಂದ ವಾಪಸ್ ಬರ್ತಾ ಇದೆ. ಆಚೆಗೇ ಹೋಗ್ತಾ ಇಲ್ಲ."

"ಯಾಕೆ ಹೋಗಲ್ಲ?"

"ಅದೇ ತಿಳೀತಾ ಇಲ್ಲ. ಗಾಡಿ ಆಂಟೆನಾ ಅಂದ್ರೆ ಕಬ್ಬಿಣದ್ ಮೇಲೆ ಕಾಲು ಊರ್ಬೇಕು, ಅದರ ಸುತ್ತ ಕಬ್ಬಿಣ ಹರಡಿರ್ಬೇಕು, ಆಗ ಮಾತು ಚಿಮ್ಮತ್ತೆ. ನಿಮ್ ಜೀಪು ಇಡೀ ಕಬ್ಬಿಣಾನೇ. ಇನ್ನೇನ್ ಬೇಕು ಇದಕ್ಕೆ?"

ಹಿಂದಿನಿಂದ ಮುಂದಿನ ಬಂಪರಿಗೆ ಹಾಕಿದೆವು. ಮುಳ್ಳು ಕೆಂಪಿನಲ್ಲೇ ಇತ್ತು. ಉದ್ದದ್ದು ತೆಗೆದು ಸ್ಪ್ರಿಂಗಿನದು ಹಾಕಿದೆವು, ಸ್ಟೆಪ್ನಿ ಕೂರುವ ಕಂಬಿಗೆ ಬಿಗಿದು ನೋಡಿದೆವು, ವೈರು ಬದಲಾಯಿಸಿದೆವು. ಮುಳ್ಳಿಗೆ ನಮ್ಮ ಮೇಲೆ ಕರುಣೆಯೇ ಇರಲಿಲ್ಲ. ಆ ಹೊತ್ತಿಗೆ ಊರಿನ ಅರ್ಧ ಜನ ಕೆಲಸ ಬಿಟ್ಟು ನಮ್ಮ ಸುತ್ತ ನಿಂತು ಸಲಹೆ ಕೊಡುತ್ತಿದ್ದರು. ಅಂಗಡಿಯ ಸೆಟ್ಟಿನಲ್ಲಿ ಹೊನ್ನಿಯ ದನಿ ದಿನದಿನಕ್ಕೆ ಕ್ಷೀಣವಾಗಿ, ಒಂದು ಬೆಳಿಗ್ಗೆ ಕೇಳಿಸುವುದೇ ನಿಂತುಹೋಯಿತು. ನಾನು ಅನ್ನ ಬಿಟ್ಟೆ. ಯಜಮಾನರು ಏನಾದರೂ ಸಮಾಧಾನ ಹೇಳಲು ಬಂದರೆ, "ಗುಡ್ಡಕ್ಕೆ ಕೊಟ್ಟಿದ್ದು ಯಾರು?" ಎಂದು ಒಂದೇ ಮಾತು ಕೇಳುತ್ತಿದ್ದೆ. ಅವರು ಗಿರಣಿಗೆ ಹೊರಟುಹೋಗುತ್ತಿದ್ದರು.

ಕೊನೆಗೆ ಉಳಿದಿದ್ದು ಅಯಸ್ಕಾಂತದ ಗಿಡ್ಡ ಆಂಟೆನಾ. ಅದನ್ನು ಬಾನೆಟ್ಟಿನ ಮೇಲೆ ಇಟ್ಟೆ. ಜಾರಿ ಕೆಳಗೆ ಬಿತ್ತು. ಮತ್ತೆ ಇಟ್ಟೆ, ಮತ್ತೆ ಬಿತ್ತು. "ಇದೇನ್ ಜಲಾಲಣ್ಣ, ನಿನ್ ಅಯಸ್ಕಾಂತಕ್ಕೆ ಹಲ್ಲೇ ಇಲ್ಲ," ಎಂದು ರೇಗಿ, ಇಂಜಿನ್ನಿಗೆ ನೀರು ನೋಡೋಣವೆಂದು ಬಾನೆಟ್ಟು ಎತ್ತಿದೆ. ಕೈಯಲ್ಲಿದ್ದ ಆ ಗಿಡ್ಡ ಆಂಟೆನಾ ನನ್ನ ಕೈ ಕಿತ್ತುಕೊಂಡು ಹೋದ ಹಾಗೆ ನೆಗೆದು ಬಾನೆಟ್ಟಿನ ಒಳಮೈಗೆ ಠಪ್ಪನೆ ಅಂಟಿಕೊಂಡಿತು. ಎಳೆದೆ, ಬರಲಿಲ್ಲ. ಕಾಲು ಕೊಟ್ಟು ಎಳೆದೆ. ಜಲಾಲಣ್ಣನೂ ಎಳೆದ. ಹೊರಗೆ ನಿಲ್ಲದ ಅಯಸ್ಕಾಂತ ಒಳಗೆ ಬಿಡುತ್ತಿಲ್ಲ. ಒಂದೇ ತಗಡು, ಆ ಮೈ ಈ ಮೈ ಅಷ್ಟೇ ವ್ಯತ್ಯಾಸ. ಒಳಮೈಗೆ ನಾವು ಬಣ್ಣ ಬಳಿಯುವುದಿಲ್ಲ, ಗುಡ್ಡ ನೋಡುವುದು ಮೇಲಿನಿಂದ ತಾನೇ.

ನಾನು ಜಲಾಲಣ್ಣನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಹೊರಗಿನಿಂದ ಬಂದವನು ಯಾವನಾದರೂ ಆಗಿದ್ದರೆ ಮೊದಲ ದಿನವೇ ಉಗುರಿನಲ್ಲಿ ಕೆರೆದು ನೋಡುತ್ತಿದ್ದ. ನಮಗೆ ಹಳದಿ ಎನ್ನುವುದು ಒಂದು ಬಣ್ಣ, ಕಬ್ಬಿಣದ ಮೇಲೆ ಬೇರೆಯಾಗಿ ಕೂತಿರುವ ವಸ್ತು ಎಂದು ಹೊಳೆಯುವುದೇ ಇಲ್ಲ. ಅದು ಜೀಪಿನ ಚರ್ಮ. ಮಾವನವರ ಕಾಲದಿಂದ ಬಳಿದ ಬಣ್ಣ ರೊಟ್ಟಿಯಷ್ಟು ದಪ್ಪಗೆ ಕೂತಿತ್ತು. ನಾವು ಇಷ್ಟು ದಿನ ಕಡ್ಡಿಯನ್ನು ಕಬ್ಬಿಣದ ಮೇಲೆ ಊರಿರಲಿಲ್ಲ, ರೊಟ್ಟಿಯ ಮೇಲೆ ಊರಿದ್ದೆವು. ಹೊನ್ನಿಯ ದನಿ ಕಳೆದುಕೊಂಡ ಅಂಗಡಿಯ ಮಾಡಿನ ಕಂಬದ್ದೂ ಅದೇ ಕತೆ.

"ಕೆರೀಬೇಕು," ಎಂದೆ. ಸುತ್ತ ನಿಂತವರು ಒಂದು ಹೆಜ್ಜೆ ಹಿಂದೆ ಸರಿದರು. ಜಲಾಲಣ್ಣನೂ ಸರಿದ, ಪಾಪ, ಅವನೂ ಇದೇ ಊರಲ್ಲಿ ಹುಟ್ಟಿದವನು. ಊರಿಗೆಲ್ಲ ಹಳದಿ ಬಳಿಯುವ ಚೌಡಪ್ಪ ಮುಂದೆ ಬಂದು, "ಬೇಡ ತಾಯಿ," ಎಂದ. "ಬೇಕಾದ್ರೆ ಇನ್ನೊಂದ್ ಕೋಟು ಹೊಡ್ಕೊಡ್ತೀನಿ. ಕೆರೆದ್ ಗಾಡಿ ತಗೊಂಡು ಗುಡ್ಡದ್ ಮಧ್ಯ ಹೋಗ್ತೀನಿ ಅಂದ್ರೆ ನಾನ್ ಒಪ್ಪಲ್ಲ." ಸುದ್ದಿ ಕೇಳಿ ಗಿರಣಿಯಿಂದ ಮೈಯೆಲ್ಲ ಹಿಟ್ಟಾಗಿದ್ದ ಯಜಮಾನರು ಓಡಿಬಂದರು.

"ಸಾಕು, ಗುಡ್ಡ ಕಾಲಿಟ್ರೆ ನೀನೂ ಇರಲ್ಲ, ಜೀಪೂ ಇರಲ್ಲ," ಎಂದರು.

"ಮಗಳು ಅಲ್ಲಿ ಒಬ್ಳೇ ಹೆರ್ತಾಳಲ್ಲ, ಅವಳಿರ್ತಾಳಾ? ಅದನ್ ಹೇಳಿ ಮೊದ್ಲು."

ಅವರು ನಿಧಾನವಾಗಿ ಮನೆಗೆ ಹೋಗಿ ದೋಸೆ ಮಗುಚುವ ಸಟ್ಟುಗ ತಂದು ನನ್ನ ಕೈಗೆ ಕೊಟ್ಟರು. ಅವತ್ತು ಅವರ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು, ಅದನ್ನೂ ಹೇಳಿಬಿಡುತ್ತೇನೆ.

ಎಲ್ಲಿ ಕೆರೆಯಬೇಕು ಎಂದು ಮೊದಲು ಯೋಚಿಸಿದೆವು. ಬಂಪರಿನಲ್ಲಿ ಕಡ್ಡಿಯ ಒಂದು ಪಕ್ಕ ಮಾತ್ರ ಕಬ್ಬಿಣ, ಇನ್ನೊಂದು ಪಕ್ಕ ಬಯಲು. ಬಾನೆಟ್ಟು ತೆರೆದು ಮುಚ್ಚುವ ಭಾಗ. ನಮ್ಮ ಜೀಪಿಗೆ ತಗಡಿನ ಮಾಡಿಲ್ಲ, ಟಾರ್ಪಾಲು. ಉಳಿದದ್ದು ಮುಂದಿನ ಗಾಜಿನ ಬುಡದಲ್ಲಿ, ಬಾನೆಟ್ಟು ಮುಗಿಯುವ ಕಡೆಯ ಗಟ್ಟಿ ತಗಡು. ಅದು ಜೀಪಿನ ನಡುವಿಗೂ ಹತ್ತಿರ, ಅಲುಗಾಡುವುದೂ ಇಲ್ಲ, ಕೂತಲ್ಲಿಂದಲೇ ನನ್ನ ಕಣ್ಣಿಗೂ ಬೀಳುತ್ತದೆ. ಅಲ್ಲಿ ಸಟ್ಟುಗ ಇಟ್ಟು ಕೆರೆದೆ. ಹಳದಿಯ ಕೆಳಗೆ ಹಳದಿ, ಅದರ ಕೆಳಗೆ ಇನ್ನೊಂದು ಹಳದಿ. ಹೊನ್ನಿಯ ಮದುವೆಗೆ ಬಳಿದ ನಿಂಬೆ ಬಣ್ಣದ್ದು ಬಂತು, ಅವಳು ಹುಟ್ಟಿದ ವರ್ಷದ ಮಬ್ಬು ಹಳದಿ ಬಂತು, ನಾನು ಸೊಸೆಯಾಗಿ ಬಂದಾಗಿನದೂ ಬಂದಿರಬೇಕು. ಕೊನೆಗೆ ಸಟ್ಟುಗ ಕಿರ್ರ್ ಅಂದಿತು. ಬೆಳ್ಳಗೆ ಹೊಳೆಯುವ ಕಬ್ಬಿಣ, ಒಂದು ನಾಣ್ಯದಗಲ. ನಮ್ಮ ಜೀಪಿನ ಕಬ್ಬಿಣವನ್ನು ನಾನು ನೋಡಿದ್ದು ಅದೇ ಮೊದಲು. ಯಾರೋ ಹೆಂಗಸು ಹಿಂದಿನಿಂದ ಲೊಚಗುಟ್ಟಿದಳು.

ಅಲ್ಲಿ ತೂತು ಕೊರೆದು, ಸ್ಪ್ರಿಂಗಿನ ಆಂಟೆನಾವನ್ನು ಹಲ್ಲಿರುವ ವಾಷರ್ ಹಾಕಿ ಬಿಗಿದೆವು. ಉದ್ದದ್ದರ ಆಸೆ ನನಗೆ ಹೋಗಿತ್ತು, ಕೊಂಬೆಗೆ ಬಡಿದರೆ ಬಾಗಿ ಎದ್ದು ನಿಲ್ಲುವಂಥದ್ದೇ ಕಾಡುದಾರಿಗೆ ಸರಿ. ತುಕ್ಕು ಹಿಡಿಯದಿರಲಿ ಎಂದು ಸುತ್ತಲೂ ಗ್ರೀಸು ಮೆತ್ತಿದೆವು. ವೈರು ಬಾಗಿಲಿಗೆ ಸಿಕ್ಕಿ ಜಜ್ಜಿಹೋಗದಂತೆ ರಬ್ಬರು ತೊಡಿಸಿ ಒಳಗೆ ತಂದೆವು. ಜೀಪಿನ ಒಂದೊಂದು ತಗಡಿನ ನಡುವೆಯೂ ಹಳದಿ ಕೂತಿತ್ತಲ್ಲ, ಅದಕ್ಕೆ ಜಲಾಲಣ್ಣ ಕೆಳಗೆ ನುಸುಳಿ, ತಾನೇ ಸಟ್ಟುಗ ಹಿಡಿದು ಚಾಸಿಯಲ್ಲೂ ಒಂದಿಷ್ಟು ಕೆರೆದು, ಆಂಟೆನಾದ ಬುಡದಿಂದ ಅಲ್ಲಿಗೆ ದಪ್ಪ ತಂತಿ ಎಳೆದ. ಗುಂಡಿ ಒತ್ತಿದೆ. ಮುಳ್ಳು ಎದ್ದಿತು, ಕೆಂಪಿನ ಹತ್ತಿರ ಹೋಗಿ, ಒಳಗೆ ಕಾಲಿಡದೆ ನಿಂತಿತು. ಜಲಾಲಣ್ಣ ಕಡ್ಡಿಯ ತುದಿಯನ್ನು ಭತ್ತದ ಕಾಳಿನಷ್ಟು ಕತ್ತರಿಸಿದ. ಮುಳ್ಳು ಇಳಿಯಿತು. ಇನ್ನೊಂದು ಕಾಳಿನಷ್ಟು ಕತ್ತರಿಸಿದ, ಇನ್ನೂ ಇಳಿಯಿತು. "ಸಾಕು ಬಿಡು, ಹೆಚ್ಚಾದ್ರೆ ಮತ್ತೆ ಬೆಳೆಸಕ್ಕಾಗಲ್ಲ," ಎಂದೆ. ಮುಳ್ಳು ಮೂಲೆಯಲ್ಲಿ ಒರಗಿಕೊಂಡಿತು.

ನಾನು ಮೈಕು ಬಾಯಿಗೆ ಹಿಡಿದು, "ಕುರಿಗುಡ್ಡ, ಕುರಿಗುಡ್ಡ, ಸಾಕಮ್ಮನ ಜೀಪು," ಎಂದು ಕೂಗಿ ಗುಂಡಿ ಬಿಟ್ಟೆ. ಗೊರಗೊರ. ಮತ್ತೆ ಕೂಗಿದೆ. ಈ ಸಲ ಗೊರಗೊರ ನಿಂತು, ಆ ಕಡೆ ಯಾರೋ ಗುಂಡಿ ಒತ್ತಿದ್ದು ಗೊತ್ತಾಯಿತು. ಮಾತು ಮಾತ್ರ ಬರಲಿಲ್ಲ, ಕುರಿ ಅರಚುವುದು ಕೇಳಿತು. ಯಾರೆಂದು ನನಗೆ ಹೊಳೆಯಿತು. ನಮ್ಮಲ್ಲಿ ಅಳಿಯನಾದವನು ಅತ್ತೆಯ ಜತೆ ನೇರವಾಗಿ ಮಾತಾಡುವ ಹಾಗಿಲ್ಲ. ಮದುವೆಯಾದಂದಿನಿಂದ ಬೊಮ್ಮಣ್ಣ ನನ್ನ ಹತ್ತಿರ ಒಂದು ಮಾತೂ ಆಡಿದವನಲ್ಲ. ಮನೆಗೆ ಬಂದರೆ ಕಂಬ ನೋಡಿಕೊಂಡು, "ಅತ್ತೆಯವ್ರು ಊಟ ಮಾಡಿದ್ರಾ ಕೇಳು," ಎಂದು ಹೊನ್ನಿಗೆ ಹೇಳುತ್ತಿದ್ದ. ಈಗ ಅಲ್ಲಿ ನಮ್ಮಿಬ್ಬರ ನಡುವೆ ನಿಂತು ಮಾತು ಮುಟ್ಟಿಸುವವರು ಯಾರೂ ಇರಲಿಲ್ಲ ಎಂದು ಕಾಣುತ್ತದೆ.

"ಹೊನ್ನಿ ಹೇಗಿದಾಳೆ?" ಎಂದೆ.

ಅವನು ಕುರಿಗೆ ಹೇಳುವವನ ಹಾಗೆ ಹೇಳಿದ. "ಒಳಗೆ ಮಲಗಿದಾಳೆ. ಬೆಳಿಗ್ಗೆಯಿಂದ ಸೊಂಟನೋವು ಅಂತಿದಾಳೆ. ಅವ್ವ ಅವಳ ಹತ್ರ ಕೂತಿದೆ. ಊರಿಂದ ಯಾರಾದ್ರೂ ಜೀಪಲ್ಲಿ ಬರೋದಾದ್ರೆ, ಈಗ್ಲೇ ಹೊರಟ್ರೆ ಒಳ್ಳೇದು."

ಯಜಮಾನರು ಹಾಸಿಗೆ ಸುತ್ತಿ ಹಿಂದಿನ ಸೀಟಿಗೆ ಹಾಕಿದರು. ನಾನು ಹೊರಟೆ. ಇಟ್ಟಿಗೆ ಭಟ್ಟಿ ದಾಟಿತು, ದನಿ ಹಾಗೇ ಇತ್ತು. ಕೆರೆ ಏರಿ ದಾಟಿತು, ದನಿ ಇನ್ನೂ ನಿಚ್ಚಳವಾಯಿತು. ಭಟ್ಟಿಯವರಿಗೆ ನಾನು ಎರಡು ಸಲ ಹಾರ್ನ್ ಹೊಡೆದೇ ಹೋದೆ. "ಬರೋರು ಎಡಗಡೆ ಸಂದಿ ಹಿಡಿದ್ರೆ ಒಳ್ಳೇದು," ಎನ್ನುತ್ತಿದ್ದ ಅಳಿಯ. "ಮುಂದೆ ಬೋಳುಗುಡ್ಡ ಪಕ್ಕಕ್ಕೆ ಸರೀತಾ ಇದೆ. ಬರೋರು ಒಂದು ಬೀಡಿ ಸೇದೋಷ್ಟು ಹೊತ್ತು ಕಾದು ಆಮೇಲೆ ಬಂದ್ರೆ ದಾರಿ ಸಿಗತ್ತೆ." ನಾನು ಬೀಡಿ ಸೇದುವುದಿಲ್ಲ, ಅಂದಾಜಿನಲ್ಲಿ ಕಾದೆ. ಬೋಳುಗುಡ್ಡ ಸರಿಯಿತು, ದಾರಿ ಸಿಕ್ಕಿತು. ಕಣ್ಣಿಗೆ ದೂಳು ಬಿಟ್ಟು ಏನೂ ಕಾಣದ ಕಡೆ ಆ ದನಿ ಹಿಡಿದುಕೊಂಡು ಹೋಗುತ್ತಿದ್ದರೆ ನನಗೆ ಹಾಡು ಹೇಳಬೇಕೆನಿಸಿತು. ಹೇಳಿಯೂ ಹೇಳಿದೆ, ಗುಂಡಿ ಒತ್ತದೆ.

ಅರ್ಧ ದಾರಿ ದಾಟಿದ ಮೇಲೆ ಜೀಪಿನ ಮೇಲೆ ನೆರಳು ಬಿತ್ತು. ತಲೆಯೆತ್ತಿದರೆ ಒಂದು ಗುಡ್ಡದ ಅಂಚು, ಬೇರು ಜೋತಾಡುತ್ತಿತ್ತು, ಸಣ್ಣ ಕಲ್ಲುಗಳು ಬಾನೆಟ್ಟಿನ ಮೇಲೆ ಉದುರಿದವು. ನಾನು ಆಂಟೆನಾದ ಬುಡ ನೋಡಿದೆ. ಗ್ರೀಸಿನ ನಡುವೆ ಕೆರೆದ ಜಾಗ ಕಾಣುತ್ತಿತ್ತು. ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು.

"ಅತ್ತೆ, ನಿಲ್ಲಿಸ್ಬೇಡಿ," ಎಂದಿತು ಸೆಟ್ಟು. ಕುರಿಗೂ ಅಲ್ಲ, ಕಂಬಕ್ಕೂ ಅಲ್ಲ, ನನಗೇ. "ಬಲಕ್ಕೆ ಎಳೀರಿ. ಇನ್ನೂ ಬಲಕ್ಕೆ. ಅತ್ತೆ, ಬಂಡೆ ಹತ್ತಿಸ್ಬಿಡಿ, ಹತ್ತತ್ತೆ. ಈಗ ಬಿಡಿ, ಜೋರಾಗಿ ಬಿಡಿ."

ಗೇರು ಇಳಿಸಿ ಬಂಡೆ ಹತ್ತಿಸಿದೆ. ಜೀಪು ಒಂದು ಕಡೆ ಎದ್ದು ವಾಲಿತು, ಆಂಟೆನಾ ಗುಡ್ಡದ ಬೇರಿಗೆ ಬಡಿದು ಬಾಗಿತು, ಮತ್ತೆ ನೆಟ್ಟಗಾಯಿತು. ಆಚೆ ಇಳಿದು ಬಿಸಿಲಿಗೆ ಬಂದೆ. ಹಿಂದೆ ಗುಡ್ಡ ಕಾಲೂರಿದ ಸದ್ದು ಸೀಟಿನಲ್ಲೇ ಗೊತ್ತಾಯಿತು. ಬಣ್ಣ ಕಾಪಾಡಿತೋ ಕಬ್ಬಿಣ ಕಾಪಾಡಿತೋ ಎಂದು ಊರಿನಲ್ಲಿ ಇವತ್ತಿಗೂ ವಾದ ನಡೆಯುತ್ತದೆ. ನನ್ನನ್ನು ಕಾಪಾಡಿದ್ದು ನನ್ನ ಅಳಿಯ. ಇಂಥ ಹುಡುಗನನ್ನು ಬೇಡ ಅಂದಿದ್ದೆನಲ್ಲ ಎಂದು ಕಣ್ಣಲ್ಲಿ ನೀರು ಬಂತು.

ಕುರಿಗುಡ್ಡ ನಿಧಾನವಾಗಿ ನಡೆಯುತ್ತಿತ್ತು. ಅದರ ಹಿಂಬದಿಯ ತಗ್ಗು ಇಳಿಜಾರಿಗೆ ಜೀಪನ್ನು ಜತೆಜತೆಗೇ ಓಡಿಸಿ, ಹೊರಟ ಬಸ್ಸಿಗೆ ಹತ್ತುವವರ ಹಾಗೆ ಮುಂದಿನ ಚಕ್ರ ಎತ್ತಿ ಇಟ್ಟೆ. ಅಂಗಳದಲ್ಲಿ ದೇವೀರಮ್ಮನವರು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. ಜೀಪನ್ನೂ ಅದರ ಆಂಟೆನಾವನ್ನೂ ನನ್ನನ್ನೂ ಮೂರು ಸಲ ನೋಡಿದರು. ಅವರಿಗೆ ಮಾತು ಹೊರಡದಿದ್ದುದನ್ನು ನಾನು ಕಂಡದ್ದು ಅದೊಂದೇ ಸಲ.

"ಲಾಡು ಇದ್ರೆ ಕೊಡಿ ಬೀಗ್ತಮ್ಮ, ಹಸಿವಾಗಿದೆ," ಎಂದೆ.

ಅವರು ನಕ್ಕುಬಿಟ್ಟರು, ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ನಂಗೂ ಹೆದ್ರಿಕೆ ಆಗಿತ್ತು ಸಾಕಮ್ಮನೋರೆ. ಹೇಳ್ಕೊಳ್ಳೋಕಾಗುತ್ತಾ," ಎಂದರು. ಹೊನ್ನಿ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ನಾನು ಓಡಿಹೋಗಿ ಅವಳನ್ನು ತಬ್ಬಿಕೊಂಡೆ, ಹೊಟ್ಟೆ ಅಡ್ಡ ಬಂತು, ಇಬ್ಬರೂ ನಕ್ಕೆವು. ಬೊಮ್ಮಣ್ಣ ಅವಳನ್ನು ಎತ್ತಿ ಜೀಪಿನ ಹಾಸಿಗೆಯ ಮೇಲೆ ಮಲಗಿಸಿದ. ಎದುರಿಗೆ ನಿಂತಾಗ ಮತ್ತೆ ತಲೆ ತಗ್ಗಿಸಿ ಚಕ್ರ ನೋಡುತ್ತಿದ್ದ. ಅವನು ಬರುವಂತಿರಲಿಲ್ಲ. ವಾಪಸ್ ದಾರಿ ಹೇಳಲು ಮೇಲೆ ಕಣ್ಣಿರುವವರು ಬೇಕಿತ್ತು, ಕುರಿಗಳೂ ಇದ್ದವು. ದೇವೀರಮ್ಮನವರು ಮಾತ್ರ ಕೇಳದೆ ಹತ್ತಿ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಬರುವಾಗ ದಾರಿಯುದ್ದಕ್ಕೂ ಅವನು, "ಅತ್ತೆ ಎಡಕ್ಕೆ, ಅತ್ತೆ ಸ್ವಲ್ಪ ನಿಧಾನ," ಎನ್ನುತ್ತಲೇ ಇದ್ದ. ನಡುವೆ ಅವರವ್ವ ಏನೋ ಹೇಳಲು ಮೈಕಿಗೆ ಕೈ ಚಾಚಿದರೆ ನಾನು ಕೊಡಲಿಲ್ಲ.

ಊರು ಮುಟ್ಟಿದಾಗ ಬೀದಿಯಲ್ಲಿ ಜನವೋ ಜನ. ಚೌಡಪ್ಪ ಜೀಪಿನ ಸುತ್ತ ಬಂದು ಕೆರೆದ ಜಾಗವನ್ನು ಬೆರಳಲ್ಲಿ ಮುಟ್ಟಿ ನೋಡಿದ. ಅಲ್ಲೇ ಅಂಚೆಯವನ ಸೈಕಲ್ಲಿಗೂ ಒಂದು ಸೆಟ್ಟು ಬೇಕೆಂದು ಮಾತು ಎದ್ದಿತು. ಅವತ್ತೇ ಆಸ್ಪತ್ರೆಯ ನರ್ಸಮ್ಮ ಮನೆಗೇ ಬಂದರು. ಮಾರನೆಯ ಬೆಳಿಗ್ಗೆ, ಯಜಮಾನರು ಅಂಗಳದಲ್ಲಿ ಹಂಡೆಗೆ ಉರಿ ಹಾಕುತ್ತಿದ್ದಾಗ, ಹೊನ್ನಿಗೆ ಹೆಣ್ಣು ಮಗು ಹುಟ್ಟಿತು. ನಿಂತ ನೆಲದ ಮೇಲೆ ತಲೆ ತಿರುಗುತ್ತದೆ ಎಂದು ಕಂಬ ಹಿಡಿದು ಕೂತಿದ್ದ ದೇವೀರಮ್ಮನವರು ಕಂಬ ಬಿಟ್ಟು ಬಂದು ಮಗುವನ್ನು ನನ್ನ ಕೈಗೆ ಮೊದಲು ಕೊಟ್ಟರು.

ನಾನು ಜೀಪನ್ನು ಹಿಮ್ಮುಖ ತಂದು ಹೊನ್ನಿಯ ಕೋಣೆಯ ಕಿಟಕಿಗೆ ಒತ್ತಿ ನಿಲ್ಲಿಸಿದೆ. ಮೈಕಿನ ಸುರುಳಿ ವೈರನ್ನು ಎಳೆದು, ಕಿಟಕಿಯ ಸರಳಿನ ನಡುವೆ ತೂರಿಸಿದರೆ ಮಂಚದವರೆಗೂ ಬಂತು. ಕುರಿಗುಡ್ಡ ಆಗಲೇ ಇನ್ನಷ್ಟು ಬಡಗಲಿಗೆ ಹೋಗಿರಬೇಕು. ಒಂದೇ ಸಲ ಕೂಗಿದೆ, ತಕ್ಷಣ ಗುಂಡಿ ಒತ್ತಿದ ಸದ್ದಾಯಿತು. ಅವನು ಸೆಟ್ಟಿನ ಪಕ್ಕದಲ್ಲೇ ಕೂತಿದ್ದನೆಂದು ಕಾಣುತ್ತದೆ.

"ಹೆಣ್ಣು ಮಗು ಕಣಪ್ಪ ಬೊಮ್ಮಣ್ಣ. ಇಬ್ರೂ ಚೆನ್ನಾಗಿದಾರೆ," ಎಂದೆ. ಅಷ್ಟರಲ್ಲಿ ಮಗು ಎಚ್ಚರಾಗಿ ಕಿರ್ರೋ ಎಂದು ಅಳತೊಡಗಿತು. ಗುಂಡಿ ಹಿಡಿದುಕೊಂಡೇ ಮೈಕನ್ನು ಅದರ ಬಾಯಿಯ ಹತ್ತಿರ ಇಟ್ಟೆ. ಹೊನ್ನಿ ಸಮಾಧಾನ ಮಾಡಲು ಹೋದಳು, ತಡಿ ಎಂದು ಕಣ್ಣಲ್ಲೇ ಹೇಳಿದೆ. ಸ್ವಲ್ಪ ಹೊತ್ತು ಅಳಿಸಿ, ಅವನೇನು ಹೇಳುತ್ತಾನೋ ಕೇಳೋಣವೆಂದು ಗುಂಡಿ ಬಿಟ್ಟೆ. ಆ ಕಡೆ ಮೂಗು ಏರಿಸಿಕೊಂಡ ಸದ್ದು ಬಂತು.

"ಯಾಕತ್ತೆ ಗುಂಡಿ ಬಿಟ್ರಿ?" ಎಂದ. "ಇನ್ನೊಂಚೂರು ಅಳ್ಲಿ."